ಮಗಳ ಪಾಲಿನ ಕಂಡಿಕಿಯನ್ನೂ ಸುತ್ತುವ ಬೋರವ್ವ

ಬನಹಟ್ಟಿಯ ನೇಕಾರ ಓಣಿಯಲ್ಲಿ ಇನ್ನೂ ನಸುಕು. ಕರೆಂಟು ಬಂದಿಲ್ಲ. ಮಗ್ಗಗಳೆಲ್ಲ ಬಾಯಿ ಮುಚ್ಚಿಕೊಂಡು ನಿಂತಿವೆ. ಆ ಮೌನದೊಳಗೆ ಒಂದು ಮನೆಯಿಂದ ಮಾತ್ರ ರಾಟಿಯ ಗಿರಗಿರ ಸದ್ದು ಕೇಳುತ್ತದೆ. ಬೋರವ್ವ ಮುರಗುಂಡಿ ಜಳಕ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ದೇವರ ಜಗುಲಿಯ ಮೇಲೆ ಶಿವನಿಗೆ ದೀಪವಿಟ್ಟು, ಆ ದೀಪದ ಬೆಳಕಿನಲ್ಲೇ ಕೂತಿದ್ದಾರೆ. ಬಲಗೈ ಚಕ್ರ ತಿರುವುತ್ತದೆ, ಎಡಗೈಯ ಎರಡು ಬೆರಳ ನಡುವೆ ನೂಲು ಹರಿಯುತ್ತದೆ, ಕದಿರಿಗೆ ಸಿಕ್ಕಿಸಿದ ಕಂಡಿಕಿ ನೋಡನೋಡುತ್ತ ತುಂಬಿಕೊಳ್ಳುತ್ತದೆ. ಕಂಡಿಕಿ ಎಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಹೊಟ್ಟೆಯೊಳಗೆ ಕೂರುವ ನೂಲಿನ ಕೊಳವೆ. ಅದು ಬರಿದಾದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಮನೆ ನಿಲ್ಲುತ್ತದೆ.

ಕೈಗೆಟಕುವಷ್ಟು ದೂರದಲ್ಲಿ ಮಗಳು ಸ್ನೇಹಾ ಗೋಡೆಗೆ ಆತು ಕೂತಿದ್ದಾಳೆ. ತೊಡೆಯ ಮೇಲೆ ಬ್ಯಾಂಕ್ ಪರೀಕ್ಷೆಯ ಪುಸ್ತಕ. ಕಣ್ಣು ಮಾತ್ರ ಅವ್ವನ ಭುಜದ ಮೇಲೆ.

"ಅವ್ವಾ, ನಾಕ ಕಂಡಿಕಿ ನಾ ಸುತ್ತತೇನಿ ತಾ. ಯಾರ ನೋಡ್ತಾರ ಇಷ್ಟ ನಸುಕಿನ್ಯಾಗ?"

"ಅಲ್ಲಿ ದೀಪ ಉರಿಯಾಕತ್ತೈತಿ, ಕಾಣಂಗಿಲ್ಲ ನಿನಗ? ಅಂವ ನೋಡತಾನ. ಓದ ಸುಮ್ಮ."

ಹೀಗೆ ಮಗಳನ್ನು ನೂಲು ಮುಟ್ಟಗೊಡದೆ ಕೂರಿಸಿ ಬೋರವ್ವ ಒಬ್ಬರೇ ದುಡಿಯಲು ಶುರುಮಾಡಿ ವರ್ಷದ ಮೇಲಾಯಿತು. ಅದಕ್ಕೊಂದು ಕಾರಣವಿದೆ.

ಸ್ನೇಹಾಳ ಎಡಗಾಲಿನ ಬಲವನ್ನು ಚಿಕ್ಕಂದಿನ ಜ್ವರವೊಂದು ತೆಗೆದುಕೊಂಡು ಹೋಗಿದೆ. ಕೋಲು ಹಿಡಿದೇ ಆಕೆ ಬಿ.ಎ. ಮುಗಿಸಿದಳು. ಬಾಗಲಕೋಟೆಯ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿದಳು. ಓದು ಮುಗಿದು ಕೆಲಸ ಸಿಗದ ಅಂಗವಿಕಲರಿಗೆ ಬರುವ ನಿರುದ್ಯೋಗ ಭತ್ಯೆ ಅವಳಿಗೂ ಮಂಜೂರಾಯಿತು. ಜಮಖಂಡಿಯ ತರಬೇತಿ ಕ್ಲಾಸಿನ ಫೀ, ಬಸ್ಸಿನ ಖರ್ಚು, ಪರೀಕ್ಷೆಗಳ ಅರ್ಜಿ ಶುಲ್ಕ ಎಲ್ಲವೂ ಅದರಲ್ಲೇ ಆಗಬೇಕು. ಭತ್ಯೆ ನಿಂತರೆ ಕ್ಲಾಸು ನಿಲ್ಲುತ್ತದೆ. ಕ್ಲಾಸು ನಿಂತರೆ ಹುಡುಗಿ ಮತ್ತೆ ಇದೇ ರಾಟಿಯ ಮುಂದೆ, ಈ ಸಲ ಜೀವಮಾನಕ್ಕೆ. ಇಷ್ಟಕ್ಕೂ ಒಂದು ಕಟ್ಟಳೆ ಉಂಟು: ತಾನು ಯಾವ ಕೆಲಸದಲ್ಲೂ ಇಲ್ಲವೆಂದು ಆಕೆ ಆಗಾಗ ಬರೆದು ಸಹಿ ಮಾಡಿ ಕೊಡಬೇಕು.

ನೇಕಾರರ ಮನೆಯಲ್ಲಿ ಅಂಥ ಸಹಿ ಮಾಡುವುದು ಸುಲಭವಲ್ಲ. ಇಲ್ಲಿ ಮಗು ಅಂಬೆಗಾಲಿಡುವಾಗಲೇ ಖಾಲಿ ಕಂಡಿಕಿ ಹಿಡಿದು ಆಡುತ್ತದೆ. ಶಾಲೆಯಿಂದ ಬಂದವರು ಪಾಟೀಚೀಲ ಮೂಲೆಗಿಟ್ಟು ರಾಟಿಯ ಮುಂದೆ ಕೂರುತ್ತಾರೆ. ಇದನ್ನು ಯಾರೂ ಕೆಲಸವೆಂದು ಕರೆಯುವುದಿಲ್ಲ. ಹಿಂದಿನ ಓಣಿಯ ಹುಡುಗಿಯೊಬ್ಬಳಿಗೂ ಇದೇ ಭತ್ಯೆ ಬರುತ್ತಿತ್ತು. ವಿಚಾರಣೆಗೆ ಬಂದವರು "ದಿನಾ ಏನ್ ಮಾಡ್ತೀ?" ಎಂದು ಕೇಳಿದಾಗ "ಏನಿಲ್ಲರಿ, ಕಂಡಿಕಿ ಸುತ್ತಿಕೋತ ಇರತೇನಿ" ಎಂದುಬಿಟ್ಟಳು. ಅಲ್ಲಿಗೆ ಅವಳ ಭತ್ಯೆ ನಿಂತಿತು.

"ಅದನ್ನ ಕೇಳಿ ನನ್ನ ಎದಿ ಧಸಕ್ ಅಂತು" ಎನ್ನುತ್ತಾರೆ ಬೋರವ್ವ. "ಎಲ್ಲಾರೂ ಸುಳ್ಳ ಹೇಳ್ರಿ ಅಂದ್ರು. ದೇವರಿಗೆ ದೀಪಾ ಹಚ್ಚೂ ಮನ್ಯಾಗ ಕುಂತು ಮಗಳ ಕೈಲೆ ಸುಳ್ಳ ಸಹಿ ಮಾಡಸಲ್ಯಾ? ಸುಳ್ಳ ಹೇಳೂದ ಬ್ಯಾಡ, ಬರದು ಕೊಟ್ಟಿದ್ದನ್ನ ಖರೆ ಮಾಡಿದ್ರಾತು ಅಂದ್ನಿ. ಅವತ್ತಿಂದ ಆಕಿ ನೂಲ ಮುಟ್ಟಿಲ್ಲ."

ಇದು ಹೇಳಿದಷ್ಟು ಹಗುರವಲ್ಲ. ಮನೆಯಲ್ಲಿ ಎರಡು ಪಾವರ್‌ಲೂಮ್ ಮಗ್ಗಗಳಿವೆ. ಗಂಡ ಕಾಶಪ್ಪ ಎರಡನ್ನೂ ನಡೆಸುತ್ತಾರೆ. ನೂಲು ಸಾವುಕಾರರದು, ಸೀರೆ ಸಾವುಕಾರರದು, ನೇಯ್ದ ಮಜೂರಿಯಷ್ಟೇ ಇವರದು. ಕಂಡಿಕಿ ಸುತ್ತುವ ಯಂತ್ರ ತರುವ ತಾಕತ್ತಿಲ್ಲದ್ದರಿಂದ ಅತ್ತೆಯ ಕಾಲದ ಕೈರಾಟಿಯೇ ಗತಿ. ಎರಡು ಮಗ್ಗದ ಹೊಟ್ಟೆ ತುಂಬಿಸಲು ಮೊದಲು ತಾಯಿ ಮಗಳು ಇಬ್ಬರೂ ಸುತ್ತುತ್ತಿದ್ದರು. ಈಗ ಆ ಎರಡು ಪಾಲೂ ಬೋರವ್ವನ ಒಂದೇ ಭುಜದ ಮೇಲೆ. ಅದಕ್ಕೇ ಊರು ಏಳುವ ಮೊದಲು ಏಳುತ್ತಾರೆ, ಕರೆಂಟು ಬರುವಷ್ಟರಲ್ಲಿ ಒಂದು ಬುಟ್ಟಿ ತುಂಬಿಸಿಡುತ್ತಾರೆ. ಸಂಜೆ ಬಿಸಿ ಉಪ್ಪಿನ ಗಂಟಿನಿಂದ ಭುಜಕ್ಕೆ ಶಾಖ ಕೊಟ್ಟುಕೊಳ್ಳುತ್ತಾರೆ.

ನೂಲಿನ ನಂಟು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ತವರು ಬೀಳಗಿ ತಾಲ್ಲೂಕಿನ ಒಂದು ಹಳ್ಳಿ, ಒಕ್ಕಲುತನದ ಮನೆ. ಆ ಹಳ್ಳಿ ಈಗ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ತವರಿನವರು ಪುನರ್ವಸತಿ ಕೇಂದ್ರದಲ್ಲಿದ್ದಾರೆ. ಮದುವೆಯಾಗಿ ಇಲ್ಲಿಗೆ ಬಂದಾಗ ನೂಲು ಬೆರಳು ಕೊಯ್ಯುತ್ತಿತ್ತಂತೆ. "ನಮ್ಮತ್ತಿ ಬೆರಳಿಗೆ ಅರಿಷಿಣ ಹಚ್ಚತಿದ್ಲು, ಮತ್ತ ರಾಟಿ ಮುಂದ ಕುಂಡ್ರಸತಿದ್ಲು. ಅಳಕೋತ ಕಲತೇನ್ರಿ" ಎಂದು ನಗುತ್ತಾರೆ.

ಓಣಿಯವರ ಬಾಯಿಗೆ ಬೀಗವಿಲ್ಲ. ಪಕ್ಕದ ಮನೆಯ ರತ್ನಾಬಾಯಿ ದಿನಕ್ಕೊಮ್ಮೆಯಾದರೂ ಬಾಗಿಲಲ್ಲಿ ನಿಂತು ಚುಚ್ಚಿ ಹೋಗುತ್ತಾರೆ. "ಏನ ಬೇ ಬೋರಿ, ಮಗಳನ್ನ ಗಾದಿ ಮ್ಯಾಲ ಕುಂಡ್ರಿಸಿ ನೀ ತೊತ್ತಿನಂಗ ದುಡಿಯಾಕತ್ತೀಯಲ್ಲ? ಮುಧೋಳ ಸಂಸ್ಥಾನದ ರಾಜಕುಮಾರೀನ ಹಡದಿಯೇನ?" ಕಾಶಪ್ಪನವರೂ ಹಿಂದೆ ಬೀಳುವವರಲ್ಲ: "ನಮ್ಮ ಮನ್ಯಾಗ ಒಬ್ಬಾಕಿಗಿ ಸರಕಾರನ ಸುಮ್ಮ ಕುಂಡ್ರು ಅಂತ ಪಗಾರ ಕೊಡತೈತಿ ನೋಡ್ರಿ." ಆ ನಗೆಯಲ್ಲಿ ಸ್ನೇಹಾ ಮಾತ್ರ ಸೇರುವುದಿಲ್ಲ. "ಸುಮ್ಮ ಕುಂಡ್ರೂದರಷ್ಟು ತ್ರಾಸಿನ ಕೆಲಸ ಯಾವುದೂ ಇಲ್ಲರಿ" ಎನ್ನುತ್ತಾಳೆ ಆಕೆ. "ಅವ್ವನ ಭುಜ ನೋವಾದ್ರ ರಾಟಿ ಸಪ್ಪಳಾನ ಬ್ಯಾರೆ ಆಕ್ಕೈತಿ. ನನಗ ಗೊತ್ತಾಗತೈತಿ. ಆದ್ರೂ ಕುಂಡ್ರಬೇಕು."

ಈ ತಿಂಗಳೊಳಗೆ ಮನೆಗೆ ಬಂದು ವಿಚಾರಣೆ ಮಾಡುವುದಾಗಿ ಕಚೇರಿಯಿಂದ ತಿಳಿಸಿದ್ದು ಶ್ರಾವಣ ಹುಟ್ಟಿದಾಗ. ದಿನ ಯಾವುದೆಂದು ಹೇಳಿರಲಿಲ್ಲ. ಸುದ್ದಿ ತಿಳಿದದ್ದೇ ರತ್ನಾಬಾಯಿ ಓಡಿ ಬಂದರು. "ರಾಟಿ ನಮ್ಮ ಹಿತ್ತಲದಾಗ ಇಡು, ಅಂವ ಬಂದು ಹೋಗೂತನಕ. ಮ್ಯಾಲ ಕೌದಿ ಮುಚ್ಚತೇನಿ."

"ರಾಟಿ ಮುಚ್ಚತೀ. ಎರಡು ಮಗ್ಗ ಎದರಾಗ ಮುಚ್ಚತೀ?" ಎಂದರು ಬೋರವ್ವ. ರಾಟಿ ಇದ್ದಲ್ಲೇ ಉಳಿಯಿತು.

ಅಧಿಕಾರಿ ಬಂದದ್ದು ಒಂದು ಸೋಮವಾರ, ಎರಡೂ ಮಗ್ಗ ಭರಾಟೆಯಲ್ಲಿ ನಡೆದಿದ್ದ ಹೊತ್ತಿಗೆ. ಹೆಸರು ಗಿರಮಲ್ಲಪ್ಪ, ನಡುವಯಸ್ಸು. ಲೋಕಾಪುರ, ಮುಧೋಳಗಳಲ್ಲಿ ಬಸ್ಸು ಬದಲಿಸಿ ಬಂದು ಬೆವೆತಿದ್ದರು. ಬೋರವ್ವ ನೀರು ಕೊಟ್ಟರು, ಬೆಲ್ಲ ಕೊಟ್ಟರು, ಚಹಾಕ್ಕೆ ಇಟ್ಟರು. ಸ್ನೇಹಾ ಎದುರಿಗೆ ಕೂತು ಒಂದೊಂದೇ ಪ್ರಶ್ನೆಗೆ ಉತ್ತರ ಹೇಳಿದಳು. ಎಲ್ಲವೂ ಸರಿಯಾಗಿಯೇ ಹೊರಟಿತ್ತು.

ಅಷ್ಟರಲ್ಲಿ ಬಾಗಿಲ ಕಡೆಯ ಮಗ್ಗದಲ್ಲಿ ಒಂದು ಎಳೆ ಕಡಿಯಿತು. ಕಾಶಪ್ಪ ಮಗ್ಗ ನಿಲ್ಲಿಸಿ, ಎಷ್ಟೋ ವರ್ಷಗಳ ರೂಢಿಯಂತೆ, "ಎಳಿ ಹೋತ!" ಎಂದು ಕೂಗಿದರು. ಸ್ನೇಹಾ ಆ ಮಗ್ಗಕ್ಕೆ ಹತ್ತಿರವಿದ್ದಳು. ಕೋಲು ಊರಿ ಎದ್ದು, ಬಾಗಿ, ಕಡಿದ ಎರಡು ತುದಿಗಳನ್ನು ಹುಡುಕಿ, ಗಂಟು ಹಾಕಿ ಮತ್ತೆ ಬಂದು ಕೂತಳು. ಕೂತ ಮೇಲೆಯೇ ತಾನು ಮಾಡಿದ್ದೇನೆಂದು ಅವಳಿಗೆ ತಿಳಿದದ್ದು.

ಗಿರಮಲ್ಲಪ್ಪ ಪೆನ್ನು ಎತ್ತಿದವರು ಹಾಗೇ ಹಿಡಿದರು. "ಭಾಳ ಚುರುಕ ಅದಾವಲ್ಲ ತಂಗಿ ಕೈ. ದಿನಾ ರೂಢಿ ಏನು?"

ಕಾಶಪ್ಪ ನಡುವೆ ಬಂದು, "ಅಯ್ಯ, ಆಕಿಗೇನ ಬರತೈತ್ರಿ ಸಾಹೇಬ್ರ, ಮಷ್ಕಿರಿಗೆ ಹಂಗ..." ಎಂದು ನಗಲು ನೋಡಿದರು.

"ಸುಮ್ನಿರ್ರಿ ನೀವು" ಎಂದರು ಬೋರವ್ವ, ಒಲೆಯ ಕಡೆಯಿಂದ ಬಂದು. "ಗಂಟ ಹಾಕ್ಯಾಳ್ರಿ ಸಾಹೇಬ್ರ. ಹಾಕಿಲ್ಲ ಅನ್ನೂದಿಲ್ಲ. ನೇಕಾರ ಮನ್ಯಾಗ ಹುಟ್ಟಿದ ಕೈ, ಎಳಿ ಕಡದ್ರ ಕೇಳದನ ಹೋಗತಾವು. ಆದ್ರ ಕೆಲಸ ಮಾಡೂದು ಆಕಿ ಅಲ್ಲ."

"ಹಂಗಾರ ಯಾರು? ಅವ್ವನ ಉದ್ಯೋಗ ಮನೆಗೆಲಸ ಅಂತ ಅರ್ಜಿಯೊಳಗ ಬರಸೀರಿ. ಅಪ್ಪ ಮಗ್ಗದಾಗ. ಈ ಬುಟ್ಟಿ ತುಂಬ ಕಂಡಿಕಿ ಸುತ್ತಿದವರು ಯಾರವಾ? ಮನ್ಯಾಗ ಉಳಿದಾಕಿ ಒಬ್ಬಾಕೀನ."

"ನಾನರಿ."

"ಎರಡು ಮಗ್ಗಕ್ಕ ಒಂದು ಕೈರಾಟಿ, ಒಬ್ಬರ ಕೈ? ಹೆಂಗ ನಂಬಲಿ? ನಾಳೆ ನನ್ನ ಕೇಳವರು ಇರತಾರ ತಾಯಿ."

"ಸಾಲಂಗಿಲ್ಲರಿ. ಕರೆಂಟ ಇದ್ದಾಗ ಅಷ್ಟ ಸುತ್ತಿದ್ರ ಸಾಲಂಗೇ ಇಲ್ಲ. ಅದಕ್ಕ ನಸುಕಿನ್ಯಾಗ ಒಂದು ಬುಟ್ಟಿ ಮುಂಚೆ ಸುತ್ತಿರತೇನಿ."

"ನಸುಕಿನ್ಯಾಗ ನೀವ ಎದ್ದದ್ದು ಯಾರ ಕಂಡಾರ?"

ಉತ್ತರ ಬಾಗಿಲಿನಿಂದ ಬಂತು. ಸದ್ದು ಕೇಳಿ ಬಂದು ನಿಂತಿದ್ದ ರತ್ನಾಬಾಯಿ ಸೆರಗು ಸೊಂಟಕ್ಕೆ ಸಿಗಿಸಿದರು. "ನಾ ಕಂಡೇನ್ರಿ! ಕಾಣೂದೇನು, ಕೇಳೇನಿ. ಗೋಡಿಗೆ ಗೋಡಿ ಐತಿ. ವರ್ಷಾತು, ಈ ಹಾಳಾದ ರಾಟಿ ಸಪ್ಪಳಕ್ಕ ನಸುಕಿನ ನಿದ್ದಿ ಕಂಡಿಲ್ಲ. ದಿನಾ ಬೈಯಾಕತ್ತೇನಿ. ಬೇಕಾರ ಇಡೀ ಓಣಿ ಕರದು ಕೇಳ್ರಿ!"

ಗಿರಮಲ್ಲಪ್ಪ ಗಡಿಯಾರ ನೋಡಿದರು. ಮಧ್ಯಾಹ್ನದ ಬಸ್ಸಿಗೆ ಇನ್ನೂ ಹೊತ್ತಿತ್ತು. "ಮಗಳು ಇಲ್ಲೆ ನನ್ನ ಬಾಜೂಕ ಕುಂಡ್ರಲಿ. ನೀವ ಸುತ್ರಿ, ಅವರು ನೇಯಲಿ. ನಾನೂ ಕುಂತ ನೋಡತೇನಿ."

ಮಗ್ಗಗಳು ಮತ್ತೆ ಗುಡುಗಿದವು. ಬೋರವ್ವ ರಾಟಿಯ ಮುಂದೆ ಕೂತು ಮನಸ್ಸಿನಲ್ಲೇ ಶಿವನ ಹೆಸರು ಹೇಳಿ ಚಕ್ರಕ್ಕೆ ಕೈ ಹಾಕಿದರು. ಲಾಳಿಗಳು ಕಂಡಿಕಿಯ ಮೇಲೆ ಕಂಡಿಕಿ ನುಂಗತೊಡಗಿದವು. ಇತ್ತ ಒಂದು ತುಂಬುವಷ್ಟರಲ್ಲಿ ಅತ್ತ ಬುಟ್ಟಿಯಿಂದ ಎರಡು ಹೋಗುತ್ತಿದ್ದವು. ನಸುಕಿನ ಗಳಿಕೆ ನಿಧಾನಕ್ಕೆ ಕರಗುತ್ತ ಬಂತು. ಭುಜ ಉರಿಯತೊಡಗಿತು. ಕೈ ಬದಲಿಸುವ ಹಾಗಿಲ್ಲ, ಬಿಡುವ ಹಾಗಿಲ್ಲ. ನಡುವೆ ಮತ್ತೊಂದು ಎಳೆ ಕಡಿಯಿತು. ಕಾಶಪ್ಪ ಬಾಯಿ ತೆರೆದವರು ಕೂಗನ್ನು ನುಂಗಿಕೊಂಡು, ತಾವೇ ಮಗ್ಗ ಸುತ್ತಿ ಬಂದು ಗಂಟು ಹಾಕಿದರು. ಸ್ನೇಹಾ ತನ್ನ ಎರಡೂ ಕೈಗಳನ್ನು ಒಂದರೊಳಗೊಂದು ಹೆಣೆದು ಬಿಗಿ ಹಿಡಿದಿದ್ದಳು. ಅವ್ವನ ಬೆನ್ನು ನೋಡಲಾರದೆ ಅವಳ ಕಣ್ಣು ತುಂಬಿದವು.

ಬುಟ್ಟಿಯ ತಳ ಕಾಣುವ ಹೊತ್ತಿಗೆ ಕರೆಂಟು ಹೋಯಿತು. ಎರಡೂ ಮಗ್ಗ ಒಮ್ಮೆಲೆ ಸ್ತಬ್ಧವಾದವು. ಗಿರಮಲ್ಲಪ್ಪ ಎದ್ದು ಬಂದು ಬುಟ್ಟಿಯೊಳಗೆ ಬಗ್ಗಿ ನೋಡಿದರು. ತಳದಲ್ಲಿ ಇನ್ನೂ ನಾಲ್ಕಾರು ಕಂಡಿಕಿ ಉಳಿದಿದ್ದವು; ಕಂಡಿಕಿ ಸಾಲದೆ ಮಗ್ಗ ಒಮ್ಮೆಯೂ ನಿಂತಿರಲಿಲ್ಲ.

ಮತ್ತೆ ಹೋಗಿ ಕೂತು ಬಹಳ ಹೊತ್ತು ಬರೆದರು. ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದರು. ಮಗಳು ಒಂದು ಎಳೆಗೆ ಗಂಟು ಹಾಕಿದ್ದನ್ನು ಕಣ್ಣಾರೆ ಕಂಡೆನೆಂದು ಅದರಲ್ಲಿತ್ತು. "ಕಂಡದ್ದನ್ನ ಬಿಡಾಕ ಬರಂಗಿಲ್ಲ ತಾಯಿ" ಎಂದರು. "ಬರೀರಿ, ಖರೇನ ಐತಿ" ಎಂದರು ಬೋರವ್ವ. ಅದರ ಕೆಳಗೆ ಇನ್ನೊಂದು ಸಾಲಿತ್ತು. ಈ ಮನೆಯಲ್ಲಿ ಎರಡು ಮಗ್ಗಕ್ಕೆ ಬೇಕಾದ ಕಂಡಿಕಿಯನ್ನೆಲ್ಲ ಸುತ್ತುವವರು ತಾಯಿ ಬೋರವ್ವ, ಅರ್ಜಿಯಲ್ಲಿ ಅವರ ಉದ್ಯೋಗ ಮನೆಗೆಲಸವೆಂದು ಇರುವುದು ತಪ್ಪು, ಅವರು ನೇಕಾರಿಕೆಯ ಕೆಲಸಗಾರರು, ಮಗಳು ನಿರುದ್ಯೋಗಿ.

ಬೋರವ್ವ ಅದನ್ನು ಇನ್ನೊಮ್ಮೆ ಓದಿಸಿದರಂತೆ. ರೇಷನ್ ಕಾರ್ಡಿನಿಂದ ಮತದಾರರ ಪಟ್ಟಿಯವರೆಗೆ, ಜನಗಣತಿಗೆ ಬಂದವರ ಮುಂದೆ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಎಲ್ಲ ಕಡೆ ಅವರು ಇಷ್ಟು ವರ್ಷ "ಮನ್ಯಾಗ ಇರತೇನ್ರಿ" ಎಂದೇ ಹೇಳಿಕೊಂಡು ಬಂದವರು. ಕೇಳುವವರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ.

ಆ ಒಂದು ಗಂಟು ಏನು ಮಾಡುವುದೋ ಎಂಬ ಭಯದಲ್ಲಿ ಮನೆಯವರು ಭಾದ್ರಪದವನ್ನು ಕಳೆದರು. ಜಮಖಂಡಿಯ ಕ್ಲಾಸಿನವರು ಎರಡು ಬಾರಿ ಫೀ ಕೇಳಿದರು. ಮಹಾನವಮಿಗೆ ಮುಂಚೆ ಸ್ನೇಹಾ ಬ್ಯಾಂಕಿಗೆ ಹೋಗಿ ನೋಡಿದರೆ ಭತ್ಯೆ ಜಮೆಯಾಗಿತ್ತು. ಈಗ ಆಕೆ ಒಂದು ಲಿಖಿತ ಪರೀಕ್ಷೆ ಪಾಸಾಗಿ ಸಂದರ್ಶನದ ಕರೆಗಾಗಿ ಕಾಯುತ್ತಿದ್ದಾಳೆ. ಇಂದು ನಸುಕಿನಲ್ಲೂ ಪುಸ್ತಕ ತೆರೆದು ಕೂತದ್ದು ಅದಕ್ಕೇ.

ಕರೆಂಟು ಬರುವ ಸಮಯ ಹತ್ತಿರವಾಗಿದೆ. ಬೋರವ್ವ ತುಂಬಿದ ಬುಟ್ಟಿಯನ್ನು ಮಗ್ಗದ ಕಡೆ ಸರಿಸುತ್ತಾರೆ. ಇನ್ನೇನು ಆಸೆಯಿದೆ ಎಂದರೆ ಭುಜ ತಿಕ್ಕಿಕೊಳ್ಳುತ್ತ ಹೇಳುತ್ತಾರೆ:

"ಆಕಿಗಿ ನೌಕರಿ ಹತ್ತಿದ ದಿನಾನ ಬಾಗಲಕೋಟಿಗೆ ಹೋಗಿ, ಇನ್ನ ಈ ರೊಕ್ಕ ಬ್ಯಾಡ್ರಿ, ಬ್ಯಾರೆ ಯಾರಿಗರೆ ಕೊಡ್ರಿ ಅಂತ ಹೇಳಿ ಬರಬೇಕ್ರಿ. ಆಕಿ ಬ್ಯಾಡ, ನಾನ ಹೋಗಾಕಿ. ನೀ ಯಾರವಾ ಅಂತ ಕೇಳತಾರಲ್ಲ ಅಲ್ಲಿ? ಕೇಳಲಿ. ನಾ ಕಂಡಿಕಿ ಸುತ್ತಾಕಿರಿ ಅಂತೇನಿ."

ಹೇಳಿ ಮುಗಿಯುವ ಮೊದಲೇ ಕೈ ಮತ್ತೆ ಚಕ್ರಕ್ಕೆ ಹೋಗಿದೆ.