ಬ್ಯಾಟರಿಯ ಪಾಲಿನ ಬಿಸಿಲು

ಏಪ್ರಿಲ್ ಹದಿಮೂರು, ಬೆಳಗ್ಗೆ ಏಳೂ ಹತ್ತು. ಮನೆಯಲ್ಲಿ ಕರೆಂಟಿಲ್ಲ. ಅಂಗಳದಲ್ಲಿ ನಿಂತಿರುವ ಗಾಡಿಮನೆಯೊಳಗೆ ಮಾತ್ರ ಅಂಗೈಯಗಲದ ಫ್ಯಾನೊಂದು ನಿಶ್ಚಿಂತೆಯಿಂದ ತಿರುಗುತ್ತಿದೆ. ಹೋದ ವಾರ ದೊಡ್ಡಪ್ಪನ ಮಾನವೆಲ್ಲ ಇದರ ರೆಕ್ಕೆಗಳ ಮೇಲೆ ನಿಂತಿತ್ತೆಂದರೆ, ಓದುಗ ಮಿತ್ರರೇ, ನೀವು ನಗುತ್ತೀರಿ.

ಗಾಡಿಮನೆಯೆಂದರೆ ಜೀಪಿನ ಹಿಂದೆ ಕಟ್ಟಿ ಎಳೆದೊಯ್ಯುವ, ಮೂರು ಹಾಸಿಗೆಯ ಟ್ರೈಲರ್. ಅರಸೀಕೆರೆಯಲ್ಲಿ ಕೊಬ್ಬರಿ ತೂಗಿಸುತ್ತಲೇ ತಲೆ ನರೆತ ದೊಡ್ಡಪ್ಪ ಊರು ನೋಡುವ ಆಸೆಯಿಂದ ಮಾಡಿಸಿದ್ದು. ಹಳೇಬೀಡು, ಬೇಲೂರಿನ ಮೊದಲ ಪಯಣಕ್ಕೆ ಹೊರಟಾಗ ದೊಡ್ಡಮ್ಮ ಬಾಗಿಲಲ್ಲೇ ಕರಾರು ಹಾಕಿದರು: "ಬತ್ತೀನಿ ಕಣ್ರೀ. ಆದ್ರೆ ಫ್ಯಾನು ನಿಂತ್ರೆ ನಾನು ಬಸ್ ಹತ್ತಿ ಮನೆಗೆ, ನಿಮ್ಮ ಡಬ್ಬ ಗುಜರಿಗೆ."

ಫ್ಯಾನು ತಿರುಗಿಸುವ ಬ್ಯಾಟರಿಯ ಉಸ್ತುವಾರಿ ನನಗೆ ಬಂತು. ಜೀಪು ಓಡಿದಷ್ಟೂ ಬ್ಯಾಟರಿ ತಾನೇ ತುಂಬುತ್ತದೆಂದು ದೊಡ್ಡಪ್ಪ ನಂಬಿದ್ದರು. ಬಾಣಾವರ ದಾಟಿ ಮುಂದೆ ಹೋದರೂ ಮೀಟರಿನ ಮುಳ್ಳು ಕದಲಲಿಲ್ಲ. ಜೀಪಿನಿಂದ ಬಂದ ತಂತಿ ಸಪೂರ. ಅದರಲ್ಲಿ ತೊಟ್ಟಿಕ್ಕಿದ್ದನ್ನೆಲ್ಲ ಮೊಸರಿನ ಪುಟ್ಟ ಫ್ರಿಜ್ಜೇ ಕುಡಿದು ಮುಗಿಸುತ್ತಿತ್ತು. ಉಳಿದ ಆಸರೆಯೆಂದರೆ ಗಾಡಿಮನೆಯ ನೆತ್ತಿಯ ಮೇಲಿನ ಸೋಲಾರ್ ಪ್ಯಾನೆಲ್.

ಮಾದಿಹಳ್ಳಿಯ ನೆಂಟರ ತೆಂಗಿನ ತೋಟದಲ್ಲಿ ಬಿಡಾರ ಹೂಡಿದೆವು. ನಮ್ಮ ಕಡೆ ಗಾಡಿ ನಿಲ್ಲಿಸುವುದೆಂದರೆ ನೆರಳು ಹುಡುಕುವುದು. ದೊಡ್ಡಪ್ಪ ಇಡೀ ತೋಟದಲ್ಲೇ ದಟ್ಟವಾದ ನೆರಳನ್ನು ಆರಿಸಿ ಮೀಸೆ ನೇವರಿಸಿಕೊಂಡರು. ನಾವು ಅನುಭವಿಸುವ ತಂಪೆಲ್ಲ ಎಲ್ಲೋ ಯಾರೋ ಬಿಸಿಲಲ್ಲಿ ಬೆಂದು ಕಳಿಸಿದ್ದೆಂಬ ಸತ್ಯ ನನಗೆ ಹೊಳೆದದ್ದು, ಆ ಪ್ಯಾನೆಲನ್ನು ಬಿಚ್ಚಿ, ಉದ್ದನೆಯ ತಂತಿ ಎಳೆದು, ಬೆವರುತ್ತ ಬಯಲಿನಲ್ಲಿ ಮಲಗಿಸಿದಾಗ.

ಮರುದಿನ ಮಧ್ಯಾಹ್ನ ಊಟವಾಗಿ ದೊಡ್ಡಮ್ಮ ನಿದ್ದೆ ಹೋದರು. ಫ್ಯಾನು ಮೆಲ್ಲಗಾಯಿತು, ತೂಕಡಿಸಿತು, ನಿಂತಿತು. ದೊಡ್ಡಪ್ಪ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸಿ, ಪತ್ರಿಕೆ ಮಡಚಿ ಹೆಂಡತಿಗೆ ಗಾಳಿ ಬೀಸತೊಡಗಿದರು. ನಾನು ಬಯಲಿಗೆ ಓಡಿದೆ. ಪ್ಯಾನೆಲಿನ ತುಂಬ, ಒಂದಿಂಚೂ ಬಿಡದೆ, ಸಂಡಿಗೆ! ಮನೆಯಿಂದ ಅರೆಬರೆ ಒಣಗಿಸಿ ತಂದದ್ದಕ್ಕೆ ದೊಡ್ಡಮ್ಮನಿಗೆ ಬಿಸಿಯಾದ, ನುಣುಪಾದ, ಮಣ್ಣು ತಾಗದ ಜಾಗ ಬೇರೆಲ್ಲಿ ಸಿಕ್ಕೀತು? ಬ್ಯಾಟರಿಯ ಲೆಕ್ಕ ಬರೆಯುವ ನನ್ನ ದಿನಚರಿಯಲ್ಲಿ ವೋಲ್ಟಿಗೊಂದು ಅಂಕಣ, ಮೋಡಕ್ಕೊಂದು ಅಂಕಣ ಇತ್ತು. ಸಂಡಿಗೆಗೆ ಇರಲಿಲ್ಲ.

ಹಿಂತಿರುಗುವಷ್ಟರಲ್ಲಿ ದೊಡ್ಡಮ್ಮ ಎದ್ದಿದ್ದರು. ಬೆವರಿಳಿಯುತ್ತಿದ್ದ ಗಂಡನನ್ನು ನೋಡಿ, "ಏನ್ರೀ ಇದು?" ಎಂದರು.

"ಫ್ಯಾನು ಸ್ವಲ್ಪ ನಿಧಾನ ಆಗೈತೆ ಕಣೇ."

"ನಿಂತೇ ಹೋಗೈತಲ್ರೀ!"

"ದೊಡ್ಡಮ್ಮಾ, ಒಸಿ ಬಯಲಿಗೆ ಬನ್ನಿ," ಎಂದೆ.

ಸಂಡಿಗೆ ಕಂಡದ್ದೇ ದೊಡ್ಡಪ್ಪ ಎದೆ ಸೆಟೆಸಿ, "ಬಸ್ಸು ಎಷ್ಟೊತ್ತಿಗೆ ಅಂತ ವಿಚಾರಿಸ್ಲಾ?" ಎಂದರು. ದೊಡ್ಡಮ್ಮ ಒಂದೊಂದೇ ಸಂಡಿಗೆ ಬಿಡಿಸಿ ಸೆರಗಿಗೆ ಹಾಕಿಕೊಂಡರು. ಆಮೇಲೆ ಗಂಡನ ಕೈಯಲ್ಲಿನ್ನೂ ಇದ್ದ ಪತ್ರಿಕೆಯತ್ತ ನೋಡಿದರು.

"ಬಸ್ಸು ಯಾಕ್ರೀ? ನಾಳೆ ಬೇಲೂರಿಗೆ ಹೋಗಕ್ಕೆ ನಮ್ದೇ ಗಾಡಿ ಇಲ್ವಾ?"

ಹೋದೆವು. ಈಗ ಅಂಗಳದ ಗಾಡಿಮನೆಯಲ್ಲಿ ಈ ಫ್ಯಾನಿನ ಕೆಳಗೆ ಕೂತು ಸೊಪ್ಪು ಸೋಸುತ್ತಿರುವವರು ದೊಡ್ಡಮ್ಮನೇ. ರೆಕ್ಕೆ ತಿರುಗುವಾಗಲೆಲ್ಲ ನನಗೆ ಮಡಚಿದ ಪತ್ರಿಕೆ ಹಿಡಿದ ಕೈ ಕಾಣುತ್ತದೆ. ಓಡುವ ಜೀಪಿನಿಂದಲೇ ಬ್ಯಾಟರಿ ತುಂಬಲು ಎಷ್ಟು ದಪ್ಪದ ತಂತಿ ಬೇಕೆಂದು ಬಲ್ಲವರು ನನಗೆ ಬರೆದು ತಿಳಿಸಿ. ಸಂಡಿಗೆಗೆ ಬೇರೆ ಜಾಗ ಸೂಚಿಸುವ ಧೈರ್ಯವಿದ್ದವರು ಮಾತ್ರ ನೇರವಾಗಿ ದೊಡ್ಡಮ್ಮನಿಗೇ ಬರೆಯಿರಿ.