ಹೆಸರನ್ನು ಕೊನೆಗೆ ಹೇಳುತ್ತಿದ್ದ ಮೇಡಂ

೨೦೦೬ನೆಯ ಇಸವಿ ಆಗಸ್ಟ್ ೭, ಸೋಮವಾರ. ಈ ತಾರೀಕನ್ನು ಆ ವರ್ಷದ ನನ್ನ ದಿನಚರಿಯಿಂದ ತೆಗೆದು, ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಅಂದು ನಾನು ಮೊದಲು ಗಮನಿಸಿದ್ದು ಒಂದು ಹೆಬ್ಬೆರಳನ್ನು. ಬಲಗೈಯ ಉಳಿದ ಬೆರಳುಗಳ ಉಗುರುಗಳು ನೀಳವಾಗಿ ಮದರಂಗಿಯಿಂದ ಕೆಂಪಾಗಿದ್ದವು. ಹೆಬ್ಬೆರಳಿನದು ಮಾತ್ರ ಮಾಂಸದ ಮಟ್ಟಕ್ಕೆ ಕತ್ತರಿಸಿ ಮೊಂಡಾಗಿತ್ತು. ಆ ಬೆರಳು ಮೊಬೈಲ್ ಫೋನಿನ ಗುಂಡಿಗಳ ಮೇಲೆ ಸದ್ದಿಲ್ಲದೆ ಓಡಾಡುತ್ತಿತ್ತು.

“ಉಗುರು ತಾಗಿದ್ರೆ ಗುಂಡಿಯ ನಂಬರ್ ಅಳಿಸಿ ಹೋಗ್ತದೆ ಸರ್,” ಎಂದು ಮೇಡಂ ನನ್ನ ನೋಟಕ್ಕೆ ಉತ್ತರ ಕೊಟ್ಟರು. “ಕೂತ್ಕೊಳ್ಳಿ. ಅಡ್ಮಿಶನ್ ಯಾರಿಗೆ? ಮಗನಿಗಾ?”

“ನನಗೇ,” ಎಂದೆ.

ಅವರು ನಗಲಿಲ್ಲ. ಮೂಲೆಯ ಕಂಪ್ಯೂಟರಿನ ಮುಂದಿದ್ದ ಕುರ್ಚಿಯನ್ನು ಒರೆಸಿಕೊಟ್ಟರು.

ಕಾಪುವಿನ ಪೇಟೆಯಲ್ಲಿ ಬಟ್ಟೆಯಂಗಡಿಯೊಂದರ ಮಾಳಿಗೆಯ ಮೇಲೆ ಅವರ ತರಗತಿ ನಡೆಯುತ್ತಿತ್ತು. ಮೇಡಂ ಹೆಜಮಾಡಿಯ ಬ್ಯಾರಿ ಮುಸ್ಲಿಂ ಕುಟುಂಬದವರು. ಗಂಡ ಸೌದಿಯ ದಮ್ಮಾಮಿನಲ್ಲಿ ಕೆಲಸದಲ್ಲಿದ್ದರು. ಮೊಬೈಲ್ ಫೋನಿನಲ್ಲಿ ಓಡುವ ಪ್ರೋಗ್ರಾಮುಗಳನ್ನು ಬರೆಯುವ ವಿದ್ಯೆಯನ್ನು ಮೇಡಂ ಹೇಳಿಕೊಡುತ್ತಿದ್ದರು. ಅವನ್ನು ‘ಆ್ಯಪ್’ ಎಂದು ಕರೆಯುವುದು ಆಗ ನಮ್ಮ ಕಡೆ ರೂಢಿಯಲ್ಲಿರಲಿಲ್ಲ. ನಾನು ನಿಘಂಟಿನ ಕೆಲಸದಿಂದ ನಿವೃತ್ತನಾದವನು. ಈ ವಿದ್ಯೆಯ ಪ್ರಾಥಮಿಕ ಪಾರಿಭಾಷಿಕ ಪದಗಳನ್ನು ಕನ್ನಡದಲ್ಲಿ ವಿವರಿಸುವ ಕಿರುಹೊತ್ತಗೆಯೊಂದನ್ನು ಬರೆದುಕೊಡಲು ಒಪ್ಪಿಕೊಂಡಿದ್ದೆ. ಆ ಪದಗಳಲ್ಲಿ ಒಂದರ ಅರ್ಥವೂ ನನಗೆ ತಿಳಿದಿರಲಿಲ್ಲ.

ತಿಳಿದುಕೊಳ್ಳಲು ನಾನು ಆರಿಸಿಕೊಂಡ ಗುರುವಾದರೋ ಹೆಸರುಗಳನ್ನೇ ಹೇಳುತ್ತಿರಲಿಲ್ಲ. ಕೈಯಲ್ಲಿ ಒಂದು ಕೆಲಸ ಮಾಡಿ, ಅದು ಕೆಟ್ಟು, ಕೆಟ್ಟದ್ದೇಕೆಂದು ವಿದ್ಯಾರ್ಥಿಯೇ ಕಾಣುವವರೆಗೆ ಅವರ ತರಗತಿಯಲ್ಲಿ ಎಲ್ಲವೂ ‘ಅದು’, ‘ಇದು’. “ಅದನ್ನು ಇದರ ಒಳಗೆ ಹಾಕಿ ಸರ್. ಈಗ ಓಡಿಸಿ.” ನಾನು ಓಡಿಸಿದೆ. ಪರದೆಯ ತುಂಬ ಒಂದೇ ಸಾಲು ಮತ್ತೆ ಮತ್ತೆ ಮೂಡುತ್ತಾ ಹೋಯಿತು. ಯಾವ ಗುಂಡಿ ಒತ್ತಿದರೂ ನಿಲ್ಲಲಿಲ್ಲ. ನಾನು ಬೆವರತೊಡಗಿದಾಗ ಮೇಡಂ ಬಂದು ಹಿಂದೆ ನಿಂತರು.

“ಈಗ ಗೊತ್ತಾಯ್ತಲ್ಲ ಸರ್. ಇದಕ್ಕೆ ಲೂಪ್ ಅಂತ ಹೆಸರು. ನಿಲ್ಲುವುದು ಎಲ್ಲಿ ಅಂತ ನೀವು ಅದಕ್ಕೆ ಹೇಳ್ಲಿಲ್ಲ.”

“ಮೊದಲೇ ವ್ಯಾಖ್ಯೆ ಕೊಟ್ಟಿದ್ದರೆ ಹೇಳುತ್ತಿದ್ದೆನಲ್ಲ?”

“ಹೆಸರು ಕೊಟ್ರೆ ಎಲ್ಲರೂ ಹೆಸರನ್ನೇ ಹಿಡ್ಕೊಳ್ತಾರೆ. ಕೆಲಸ ಬಿಟ್ಟುಬಿಡ್ತಾರೆ.”

ನನ್ನ ಗೊಂದಲ ವಾರದಿಂದ ವಾರಕ್ಕೆ ಬೆಳೆಯಿತು. ವ್ಯಾಖ್ಯೆಯಿಂದ ಹೊರಟು ಉದಾಹರಣೆಗೆ ಬರುವುದು ನನ್ನ ಜೀವಮಾನದ ಅಭ್ಯಾಸ. ಇಲ್ಲಿ ಉದಾಹರಣೆಗಳೆಲ್ಲ ಹೆಸರಿಲ್ಲದೆ ಅಲೆಯುತ್ತಿದ್ದವು. ಬಜಗೋಳಿಯಿಂದ ಬರುತ್ತಿದ್ದ ಸಹಪಾಠಿ ಹುಡುಗಿಯೊಬ್ಬಳು ನನ್ನ ಟಿಪ್ಪಣಿಗಳನ್ನು ಇಣುಕಿ ನೋಡಿ, “ಎಂತ ಸರ್, ನಿಮ್ಮ ಡಿಕ್ಷನರಿಯಲ್ಲಿ ‘ಅದು’ ಅಂತ ಒಂದೇ ಶಬ್ದ ಉಂಟಾ?” ಎಂದಳು. ಮೇಡಂ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕರು.

ನವೆಂಬರಿನಲ್ಲಿ ಅವರಿಗೊಂದು ಅವಕಾಶ ಬಂತು. ಕಾರ್ಕಳದ ಸಮೀಪದ ಕಾಲೇಜೊಂದು ತನ್ನ ವಿದ್ಯಾರ್ಥಿಗಳನ್ನೆಲ್ಲ ಅವರ ಪಾಠಕ್ಕೆ ಒಪ್ಪಿಸಲು ಆಲೋಚಿಸಿತ್ತು. ಅದಕ್ಕೆ ಮೊದಲು ಉಪಯೋಗಕ್ಕೆ ಬರುವಂಥ ಪ್ರೋಗ್ರಾಮೊಂದನ್ನು ಮಾಡಿ ತೋರಿಸಬೇಕಿತ್ತು. ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸುಗಳ ವೇಳೆಯನ್ನು ಕನ್ನಡದಲ್ಲಿ ತೋರಿಸುವ ಪ್ರೋಗ್ರಾಮನ್ನು ಮೇಡಂ ಆರಿಸಿಕೊಂಡರು. ವೇಳೆಗಳನ್ನು ಬಸ್ ನಿಲ್ದಾಣದಲ್ಲಿ ನಿಂತು ತಾಳೆ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟು ನನಗೆ ಬರುತ್ತಿತ್ತು.

“ಕಾಲೇಜು ಸಿಕ್ಕಿದ್ರೆ ನಾನು ಇಲ್ಲೇ ಸರ್,” ಎಂದು ಒಂದು ಸಂಜೆ ಹೇಳಿದರು. “ಇಲ್ಲದಿದ್ರೆ ಈ ಬಾಡಿಗೆಗೆ ಕ್ಲಾಸ್ ನಡೆಯುವುದಿಲ್ಲ. ದಮ್ಮಾಮಿಗೆ ಹೋಗ್ಬೇಕು. ನಮ್ಮವರು ಒಳ್ಳೆಯವರೇ. ಆದ್ರೆ ಅಲ್ಲಿ ನಾನು ಬರೀ ಹೆಂಡತಿ. ಇಲ್ಲಿ ಮೇಡಂ.”

ಡಿಸೆಂಬರ್ ೪, ಸೋಮವಾರ, ಇದೂ ದಿನಚರಿಯಲ್ಲಿದೆ. ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಪ್ರಾಂಶುಪಾಲರೂ ಕೆಲವು ಉಪನ್ಯಾಸಕರೂ ಕುಳಿತಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಮೊಬೈಲ್ ಫೋನೊಂದರ ಚಿತ್ರ ಮೂಡಿತು. ಅದರ ಗುಂಡಿಗಳನ್ನು ಒತ್ತಿದಂತೆ ಪಡುಬಿದ್ರಿ, ಬೆಳ್ಮಣ್, ಕಾರ್ಕಳ ಎಂದು ಕನ್ನಡದ ಅಕ್ಷರಗಳು ಮುತ್ತಿನಂತೆ ಬಂದವು. ಎಲ್ಲರೂ ತಲೆದೂಗಿದರು. ಆಗ ಪ್ರಾಂಶುಪಾಲರು ತಮ್ಮ ಫೋನನ್ನು ಮುಂದೆ ಚಾಚಿದರು.

“ಇದಕ್ಕೆ ಹಾಕಿ ನೋಡುವ.”

ಮೇಡಂ ವಯರು ಜೋಡಿಸಿ ಹಾಕಿದರು. ಫೋನಿನ ಪರದೆಯಲ್ಲಿ ಊರಿನ ಹೆಸರುಗಳಿದ್ದೆಡೆಯೆಲ್ಲ ಸಾಲುಸಾಲಾಗಿ ಖಾಲಿ ಚೌಕಗಳು.

“ಎಂತ ಮೇಡಂ, ಬರೀ ಡಬ್ಬಿ ಉಂಟಲ್ಲ?” ಎಂದರು ಉಪನ್ಯಾಸಕರೊಬ್ಬರು. “ನಾವು ಯಾವ ಡಬ್ಬಿಯಲ್ಲಿ ಇಳಿಯುವುದು?”

ಕೋಣೆ ನಕ್ಕಿತು. ಮೇಡಂ ಆ ನಗು ಮುಗಿಯುವವರೆಗೆ ಕಾದರು.

“ಫೋನಿನ ಒಳಗೆ ಕನ್ನಡದ ಅಕ್ಷರ ಇಲ್ಲ ಸರ್. ಕಂಪ್ಯೂಟರಿನ ಒಳಗೆ ಉಂಟು. ಆಗ ನೀವು ನೋಡಿದ್ದು ಫೋನ್ ಅಲ್ಲ, ಫೋನಿನ ವೇಷ ಹಾಕಿದ ಕಂಪ್ಯೂಟರ್. ಅದಕ್ಕೆ ಎಮ್ಯುಲೇಟರ್ ಅಂತ ಹೆಸರು. ಇನ್ನು ನೀವು ಮರೆಯುವುದಿಲ್ಲ ಅಲ್ವಾ?”

“ಮರೆಯುವುದಿಲ್ಲ,” ಎಂದರು ಪ್ರಾಂಶುಪಾಲರು, ಸೌಜನ್ಯದಿಂದಲೇ. “ಆದರೆ ಮೇಡಂ, ನಮಗೆ ಬೇಕಾದದ್ದು ಬಸ್ಸಿನ ವೇಳೆ.”

ಹಿಂದಿರುಗುವ ಬಸ್ಸು ಬೆಳ್ಮಣ್ ದಾಟಿತು. ಮೇಡಂ ಕಿಟಕಿಯ ಕಡೆ ನೋಡುತ್ತಲೇ ಅಂದರು: “ಇನ್ನು ಒಂದೊಂದು ಅಕ್ಷರವನ್ನೂ ಚಿತ್ರವಾಗಿ ಬರೀಬೇಕು ಸರ್. ಚಿತ್ರ ಆದ್ರೆ ಯಾವ ಫೋನೂ ತೋರಿಸ್ತದೆ.”

ಕಾಲೇಜು ಒಪ್ಪಲಿಲ್ಲ. ಅಕ್ಷರಗಳನ್ನು ಚಿತ್ರವಾಗಿಸಿದ ಪ್ರೋಗ್ರಾಮನ್ನು ಮೇಡಂ ಕ್ರಿಸ್‌ಮಸ್ ರಜೆಯ ಹೊತ್ತಿಗೆ ನನ್ನ ಫೋನಿಗೆ ಹಾಕಿಕೊಟ್ಟರು. ಅದು ಸೊಗಸಾಗಿ ಓಡಿತು. ಮುಂದಿನ ವರ್ಷ ತರಗತಿ ಮುಚ್ಚಿ ದಮ್ಮಾಮಿಗೆ ಹೋದರು. ೨೦೦೯ರಲ್ಲಿ ಅಲ್ಲಿಯೇ, ಅಲ್ಪಕಾಲದ ಕಾಯಿಲೆಯಿಂದ, ತೀರಿಕೊಂಡರು. ಬಜಗೋಳಿಯ ಹುಡುಗಿ ಫೋನ್ ಮಾಡಿ ತಿಳಿಸಿದಳು. ಅಷ್ಟರಲ್ಲಿ ನನ್ನ ಕಿರುಹೊತ್ತಗೆ ಅಚ್ಚಾಗಿತ್ತು. ಅದರಲ್ಲಿ ಪದಗಳು ಅಕಾರಾದಿಯಲ್ಲಿಲ್ಲ. ಪ್ರತಿಯೊಂದೂ ಕೆಟ್ಟುಹೋದ ಒಂದು ಕೆಲಸದಿಂದ ಆರಂಭವಾಗಿ ಹೆಸರಿನಲ್ಲಿ ಮುಗಿಯುತ್ತದೆ. ಆ ಕ್ರಮ ನನ್ನದಲ್ಲ.

ಇಲ್ಲಿಯವರೆಗೆ ಬರೆದುದು ನೆನಪಿಗೂ ದಿನಚರಿಗೂ ಒಪ್ಪುತ್ತದೆ. ಆದರೆ ಈ ಬರಹಕ್ಕಾಗಿ ಅದೇ ಹುಡುಗಿ, ಈಗ ಮಣಿಪಾಲದಲ್ಲಿ ಉದ್ಯೋಗಸ್ಥೆ, ತರಗತಿಯ ಕಡತಗಳ ಹಳೆಯ ಸಿ.ಡಿ.ಯೊಂದನ್ನು ಹುಡುಕಿ ಕೊಟ್ಟಳು. ಅಕ್ಷರಗಳನ್ನು ಚಿತ್ರವಾಗಿಸಿದ ಪ್ರೋಗ್ರಾಮು ಅದರಲ್ಲಿದೆ. ಕಡೆಯ ಬಾರಿ ತಿದ್ದಿದ ದಿನಾಂಕ ೨೦೦೬ರ ನವೆಂಬರ್ ೩೦. ಅಂದರೆ ಕಾಲೇಜಿಗೆ ಹೋಗುವ ಮೊದಲು. ಕಂಪ್ಯೂಟರಿನ ಗಡಿಯಾರ ತಪ್ಪಿದ್ದೀತೆಂದು ಅಲ್ಲಿನ ಇತರ ಕಡತಗಳನ್ನು ದಿನಚರಿಯೊಡನೆ ತಾಳೆ ನೋಡಿದೆ. ಅವೆಲ್ಲ ಸರಿಯಾಗಿವೆ.

ಚಿತ್ರಗಳ ಭಾರಕ್ಕೆ ಪ್ರಾಂಶುಪಾಲರ ಫೋನ್ ನಿಂತುಹೋದೀತೆಂದು ಮೇಡಂ ಅಂಜಿದರೇ? ಅವಸರದಲ್ಲಿ ಹಳೆಯದನ್ನು ತಂದರೇ? ಅಥವಾ ಆ ಒಂದು ಹೆಸರನ್ನು ಕಲಿಸುವುದಕ್ಕಾಗಿ ಕಾಲೇಜನ್ನೇ ಬಿಟ್ಟುಕೊಟ್ಟರೇ? ಹಾಗಾದರೆ ಬಸ್ಸಿನಲ್ಲಿ ‘ಇನ್ನು ಬರೀಬೇಕು’ ಎಂದದ್ದೇಕೆ? ಆ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕಡತದ ದಿನಾಂಕವೂ ಕಣ್ಣೆದುರಿಗಿದೆ. ನವೆಂಬರ್ ೩೦ರ ಆ ಪ್ರೋಗ್ರಾಮನ್ನು ಹಳೆಯ ಫೋನೊಂದಕ್ಕೆ ಹಾಕಿಸಿ ನೋಡಿದೆ: ಪಡುಬಿದ್ರಿ, ಬೆಳ್ಮಣ್, ಕಾರ್ಕಳ. ಒಂದು ಅಕ್ಷರವೂ ಬಿಟ್ಟುಹೋಗಿಲ್ಲ.