ಮೂರು ಗೇಣು ನಾಲ್ಕು ಬೆರಳು

ಭಾಗ್ಯಲಕ್ಷ್ಮಿಯ ಎತ್ತರ ನಾಲ್ಕಡಿ ಹತ್ತಿಂಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವಳ ಮೂವತ್ತಾರು ವರ್ಷದ ಬದುಕಿನಲ್ಲಿ ಯಾವ ಕುರ್ಚಿಯೂ ಯಾವ ಮೇಜೂ ಈ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೆ.ಆರ್. ಪುರದ ಒಂದು ಇಂಟೀರಿಯರ್ ಕಂಪನಿಗೆ ಅವಳು ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡಿಕೊಡುತ್ತಾಳೆ. ಆಫೀಸಿನ ಮೇಜಿನ ಮುಂದೆ ಕೂತರೆ ಪಾದ ನೆಲಕ್ಕೆ ಮುಟ್ಟುವುದಿಲ್ಲ, ಭುಜ ಕಿವಿಯ ಹತ್ತಿರ ಹೋಗುತ್ತದೆ. ಮನೆಯಿಂದ ಕೆಲಸ ಮಾಡುವ ದಿನ ಹಲಸೂರಿನ ಬಾಡಿಗೆ ಮನೆಯ ಗೋಡೆಗೆ ಒರಗಿ, ಕಾಲು ಚಾಚಿ, ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್. ಸಂಜೆ ಸೊಂಟ ಹಿಡಿದುಕೊಂಡೇ ಏಳುತ್ತಿದ್ದಳು.

ಇದನ್ನು ನೋಡಿ ನೋಡಿ ಸಾಕಾಗಿದ್ದವನು ಅವಳ ಅಪ್ಪ ಸಂಜೀವಪ್ಪ. ನಲವತ್ತು ವರ್ಷ ಮರದ ಲೇತಿನ ಮುಂದೆ ನಿಂತು, ತಿರುಗುವ ಮರಕ್ಕೆ ಉಳಿ ಕೊಟ್ಟು, ಮಂಚದ ಕಾಲು, ಲಟ್ಟಣಿಗೆ, ತೊಟ್ಟಿಲಿನ ಗೂಟ ಕಡೆದವನು. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಒಬ್ಬನೇ ಸಾಕಿದ. ಒಳ್ಳೆಯವನೇ, ಆದರೆ ಮಹಾ ಹಟಮಾರಿ. ಜೇಬಿನಲ್ಲಿ ಟೇಪ್ ಇದ್ದರೂ ಅಳತೆ ಹೇಳುತ್ತಿದ್ದದ್ದು ಗೇಣು ಮತ್ತು ಬೆರಳಿನಲ್ಲೇ. ಮಿಲಿಮೀಟರಿನಿಂದ ಅನ್ನ ಸಂಪಾದಿಸುವ ಮಗಳಿಗೆ ಇದು ಸರಿಬರುತ್ತದೆಯೇ? ವಾರಕ್ಕೊಮ್ಮೆಯಾದರೂ ಇದೇ ವಿಷಯಕ್ಕೆ ಇಬ್ಬರಿಗೂ ಜಟಾಪಟಿ ಆಗುತ್ತಿತ್ತು.

“ಗೇಣು ಗೇಣು ಅಂತೀಯಲ್ಲ, ಯಾರ ಗೇಣಪ್ಪಾ?” ಎಂದು ಒಮ್ಮೆ ಕೆಣಕಿದ್ದಳು.

“ಯಾರ್ದೋ ಅವ್ರ್ದು,” ಎಂದಿದ್ದ ಸಂಜೀವಪ್ಪ.

ಉತ್ತರ ತೋಚದೆ ಜಾರಿಕೊಂಡ ಅಂದುಕೊಂಡು ಅವಳು ನಕ್ಕಿದ್ದಳು.

ಹಿಂದೊಮ್ಮೆ ಕುಕ್ ಟೌನಿನಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವಿದಾಗ ಅವನು ತೇಗದ ತೊಲೆಯ ನಾಲ್ಕು ತುಂಡುಗಳನ್ನು ತಂದಿದ್ದ. ಹನ್ನೊಂದು ವರ್ಷ ಅವು ಮಂಚದ ಕೆಳಗೇ ಇದ್ದವು. ಎಂಥೆಂಥ ಗಿರಾಕಿಗಳು ಬಂದು ಕೇಳಿದರೂ ಕೊಡಲಿಲ್ಲ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ದಿನ ತಾನಾಗಿಯೇ ಅವನ್ನು ಎಳೆದು ಧೂಳು ಒರೆಸಿದ, ನಿನಗೊಂದು ಮೇಜು ಮಾಡುತ್ತೇನೆ ಎಂದ, ಮೇಜಿನ ಕಾಲಿನ ನಕ್ಷೆಯನ್ನೂ ಬರೆದ. ಮೂರು ವಾರಕ್ಕೆ ಲೇತಿನ ಮುಂದೆ ನಿಂತಲ್ಲೇ ಕುಸಿದು ಹೋಗಿಬಿಟ್ಟ.

ಉಳಿದದ್ದು ತೇಗ, ಮತ್ತೆ ಆ ನಕ್ಷೆ. ಕ್ಯಾಲೆಂಡರಿನಿಂದ ಹರಿದ ಹಾಳೆಯ ಬೆನ್ನಿನ ಮೇಲೆ ನಡುವೆ ಒಂದು ನೇರ ಗೆರೆ, ಅದರ ಬಲಕ್ಕೆ ಕಾಲಿನ ಅರ್ಧ ಅಂಚು. ಮೇಲೆ ಚೌಕ, ಅದರ ಕೆಳಗೆ ಬಳೆಯಂಥ ಉಬ್ಬು, ಹೂಜಿಯ ಹೊಟ್ಟೆ, ತೆಳ್ಳಗಿನ ಕೊರಳು, ಕೊನೆಯಲ್ಲಿ ಪುಟ್ಟ ಗುಂಡು ಪಾದ. ಲೇತಿನವರು ಅರ್ಧವನ್ನೇ ಬರೆಯುತ್ತಾರೆ, ಮರ ತಿರುಗುವಾಗ ಇನ್ನರ್ಧ ತಾನಾಗಿ ಬರುತ್ತದೆ. ಪಕ್ಕದಲ್ಲಿ ಅವನ ಸೊಟ್ಟ ಅಕ್ಷರದಲ್ಲಿ ‘ಮೂರು ಗೇಣು ನಾಲ್ಕು ಬೆರಳು’ ಎಂದಿತ್ತು. ಬೇರೆ ಒಂದು ಅಂಕಿಯೂ ಇರಲಿಲ್ಲ.

ಅಪ್ಪ ಎಳೆದ ಗೆರೆ ಹೇಗಿದೆಯೋ ಹಾಗೇ ಮೇಜಿನ ಕಾಲಾಗಬೇಕು ಎಂದು ಅವಳು ತೀರ್ಮಾನಿಸಿಬಿಟ್ಟಳು. ತಿಥಿಯ ದಿನ ಬಂದವರೆಲ್ಲ ಏನೇನೋ ಸಮಾಧಾನ ಹೇಳಿದರು, ಅದ್ಯಾವುದೂ ಅವಳಿಗೆ ನಾಟಲಿಲ್ಲ. ಈ ಮೇಜೊಂದೇ ಆಸರೆ ಅನ್ನಿಸಿತು. ಮರ ಇದ್ದದ್ದು ಸರಿಯಾಗಿ ನಾಲ್ಕು ಕಾಲಿಗೆ, ಒಂದು ಕೆಟ್ಟರೂ ಐದನೆಯದಕ್ಕೆ ಮರವಿಲ್ಲ. ಕೈಲೇತಿನವರನ್ನು ನಂಬಲು ಧೈರ್ಯ ಬರಲಿಲ್ಲ. ಕೆ.ಆರ್. ಪುರದಲ್ಲಿ ಕಂಪ್ಯೂಟರ್ ಲೇತ್ ಇಟ್ಟುಕೊಂಡವರೊಬ್ಬರು ಸಿಕ್ಕಿದರು. ಅವರು ಫೋಟೋ ನಡೆಯುವುದಿಲ್ಲ, ಅಳತೆ ಇರುವ ಫೈಲ್ ಬೇಕು ಎಂದರು. ಅದು ಅವಳದೇ ಕಸುಬಲ್ಲವೇ.

ಹಾಳೆಯ ಫೋಟೋ ತೆಗೆದು, ಓರೆಯನ್ನು ನೆಟ್ಟಗೆ ಮಾಡಿ, ಕಂಪ್ಯೂಟರಿನಲ್ಲಿ ಅಲುಗದಂತೆ ಕೆಳಗೆ ಹಾಸಿದಳು. ಮೊದಲು ಗೆರೆಯನ್ನು ತಾನೇ ಹಿಡಿಯುವಂತೆ ಸಾಫ್ಟ್‌ವೇರಿಗೆ ಹೇಳಿದಳು. ಅದು ಪೆನ್ಸಿಲಿನ ಒಂದೊಂದು ನಡುಕವನ್ನೂ ಹಿಡಿದು ಸಾವಿರಾರು ಚುಕ್ಕಿ ಸುರಿಯಿತು. ಅಂಥ ಗೆರೆಯನ್ನು ಆಮೇಲೆ ಯಾರೂ ತಿದ್ದಲಾರರು. ಅದನ್ನು ಎಸೆದು, ಕೈಯಿಂದಲೇ ಹತ್ತೊಂಬತ್ತು ಚುಕ್ಕಿ ಇಟ್ಟು, ಅಪ್ಪನ ಗೆರೆಯ ಮೇಲೆ ತನ್ನ ಗೆರೆಯನ್ನು ಬಾಗಿಸುತ್ತ ಹೋದಳು. ಹೂಜಿಯ ಹೊಟ್ಟೆಯ ತಿರುವಿಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು, ನಡುನಡುವೆ ಕಣ್ಣು ತುಂಬಿ ತೆರೆ ಕಾಣುತ್ತಿರಲಿಲ್ಲ. ಎಣ್ಣೆಯ ಕಲೆ, ಕಾಫಿ ಲೋಟದ ಗುರುತು, ಕೆಳಗಂಚಿನಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ಪೆನ್ಸಿಲ್ ಗೀಟು, ಎಲ್ಲವನ್ನೂ ಅಳಿಸಿ ಶುಚಿ ಮಾಡಿದಳು. ಅರ್ಧವನ್ನು ಕನ್ನಡಿಯಂತೆ ಮಗುಚಿ ಪೂರ್ತಿ ಕಾಲು ಮಾಡಿದಳು.

ಕೊನೆಗೆ ಅಳತೆ. ಗೇಣಿಗೆ ಒಂಬತ್ತು ಇಂಚು ಎಂದು ಎಲ್ಲರೂ ಒಪ್ಪುತ್ತಾರೆ, ನಾಲ್ಕು ಬೆರಳಿಗೆ ಮೂರು. ಒಟ್ಟು ಮೂವತ್ತಾಯಿತು. ಅಂಗಡಿಯ ಮೇಜುಗಳ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಅವಳಿಗೆ ಹಿಗ್ಗು ತಡೆಯಲಾಗಲಿಲ್ಲ. ನಿನ್ನ ಗೇಣೂ ಸರಿಯಾಗೇ ಇದೆ ಬಿಡಪ್ಪಾ ಎಂದು ಗೋಡೆಯ ಮೇಲಿನ ಫೋಟೋಕ್ಕೆ ಹೇಳಿ ಫೈಲ್ ಕಳಿಸಿದಳು.

ಹತ್ತು ದಿನಕ್ಕೆ ಕಾಲುಗಳು ಬಂದವು. ನಾಲ್ಕೂ ಒಂದೇ ಅಚ್ಚು, ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ಹಲಗೆ ಜೋಡಿಸಿದ್ದೂ ಆಯಿತು. ಪಾಲಿಶ್ ಹಾಕಲು ಶಿವಾಜಿನಗರದಿಂದ ಸೈಫ್ ಬಂದರು. ಸಂಜೀವಪ್ಪ ಕಡೆದದ್ದಕ್ಕೆ ಮೂವತ್ತು ವರ್ಷ ಪಾಲಿಶ್ ಉಜ್ಜಿದವರು ಅವರು. ಹೂಜಿಯ ಹೊಟ್ಟೆಯ ಮೇಲೆ ಅಂಗೈ ಸವರಿ, ಇದು ಸಂಜೀವಣ್ಣನ ಕೈಯೇ ಎಂದರು. ಭಾಗ್ಯಲಕ್ಷ್ಮಿ ಕುರ್ಚಿ ಎಳೆದುಕೊಂಡು ಕೂತು ತೋರಿಸಿದಳು. ಪಾದ ನೆಲಕ್ಕೆ ಮುಟ್ಟಲಿಲ್ಲ. ಭುಜ ಕಿವಿಯ ಹತ್ತಿರ ಹೋಯಿತು.

ಸೈಫ್ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು.

“ಈ ಮೇಜು ಯಾರ್ಗೆ ಬೇಟಾ?”

“ನಂಗೇ ಚಾಚಾ.”

“ಮತ್ತೆ ನಿನ್ ಗೇಣಲ್ಲಿ ಯಾಕೆ ಅಳೀಲಿಲ್ಲ? ಸಂಜೀವಣ್ಣ ಯಾರ್ಗೆ ಮಾಡ್ತಾನೋ ಅವ್ರ ಕೈ ಹಿಡ್ಕೊಂಡೇ ಅಳೀತಿದ್ದ. ತನ್ ಗೇಣು ಅವ್ನು ಯಾವತ್ತೂ ಇಟ್ಟೋನಲ್ಲ.”

ಅಪ್ಪ ನಕ್ಷೆ ಬರೆದ ದಿನ ಅವಳ ನೆನಪಿಗೆ ಬಂತು. ಗೋಡೆಗೆ ಒರಗಿ ಯಾವುದೋ ಅಡುಗೆಮನೆಯ ಡ್ರಾಯಿಂಗ್ ತಿದ್ದುತ್ತಿದ್ದಳು. ಅಪ್ಪ ಪಕ್ಕದಲ್ಲಿ ಹಾಳೆ ಹಾಸಿಕೊಂಡು ಕೂತು, ಕೈ ಕೊಡಮ್ಮಾ ಎಂದಿದ್ದ. ಆಮೇಲೆ ಎಂದರೂ ಕೇಳಲಿಲ್ಲ. ತೆರೆಯಿಂದ ಕಣ್ಣು ತೆಗೆಯದೆ ಎಡಗೈ ಚಾಚಿದ್ದಳು. ಒರಟು ಬೆರಳುಗಳು ಅವಳ ಬೆರಳುಗಳನ್ನು ಅಗಲಿಸಿದವು, ಪೆನ್ಸಿಲ್ ತಾಗಿ ಕಚಗುಳಿಯಾಯಿತು, ಏನಪ್ಪಾ ನಿಂದು ಮಕ್ಕಳಾಟ ಎಂದು ಸಿಡುಕಿ ಕೈ ಎಳೆದುಕೊಂಡಿದ್ದಳು. ಅವನು ನಕ್ಕು ಎದ್ದು ಹೋಗಿದ್ದ. ಏಕೆ ಎಂದು ಅವಳು ಕೇಳಲೂ ಇಲ್ಲ.

ಸೈಫ್ ಟೇಪ್ ಹಿಡಿದು ನೋಡಿದರು. ಅವಳ ಗೇಣು ಏಳೇ ಇಂಚು, ನಾಲ್ಕು ಬೆರಳು ಎರಡೂವರೆ. ಮೂರು ಗೇಣು ನಾಲ್ಕು ಬೆರಳಿಗೆ ಇಪ್ಪತ್ಮೂರೂವರೆ. ಬೇಕಾದರೆ ಕೆಳಗಿನಿಂದ ಆರೂವರೆ ಇಂಚು ಕೊಯ್ದುಬಿಡೋಣ ಎಂದರು ಅವರು, ಹೇಳುತ್ತಲೇ ತಾವೇ ತಲೆ ಅಲ್ಲಾಡಿಸಿದರು. ಕೊಯ್ದರೆ ಪಾದ ಹೋಗುತ್ತದೆ, ಕೊರಳೂ ಹೋಗುತ್ತದೆ. ಇದೇ ಕಾಲುಗಳನ್ನು ಗಿಡ್ಡಗೆ ಮತ್ತೆ ಕಡೆಯೋಣವೆಂದರೆ ಕೊರಳು ತೆಳ್ಳಗಾದ ಕಡೆ ಮತ್ತೆ ಮರ ಎಲ್ಲಿಂದ ಬರಬೇಕು? ಪಾಲಿಶ್ ಇನ್ನೊಂದು ದಿನ ನೋಡೋಣ ಎಂದು ಡಬ್ಬ ಎತ್ತಿಕೊಂಡು ಹೊರಟರು.

ಅವಳು ಫೈಲ್ ತೆರೆದಳು. ಒಂದು ಅಂಕಿ ತಿದ್ದಿದ್ದೇ ತಡ, ತೆರೆಯ ಮೇಲಿನ ಕಾಲು ಪಾದ, ಕೊರಳು, ಹೊಟ್ಟೆಯ ಸಮೇತ ಅವಳ ಅಳತೆಗೆ ಇಳಿಯಿತು. ತಿದ್ದಲು ಬರುವಂತೆ ಎಷ್ಟು ಚೆನ್ನಾಗಿ ಮಾಡಿದ್ದಳು! ಪಕ್ಕದಲ್ಲಿ ತೇಗದ ಕಾಲುಗಳು ಮೂವತ್ತು ಇಂಚಿನಲ್ಲೇ ನಿಂತಿದ್ದವು. ತನಗೆಂದೇ ಅಳೆದು ಮಾಡಿದ ಒಂದೇ ಒಂದು ವಸ್ತುವನ್ನು ತನ್ನ ಕೈಯಾರೆ ಊರಿನ ಅಳತೆಗೆ ಮಾಡಿಸಿಬಿಟ್ಟೆನಲ್ಲ ಎಂದು ಅವಳು ಗಟ್ಟಿಯಾಗಿ ಅತ್ತಳು.

ಅತ್ತು ಮುಗಿದ ಮೇಲೆ ಅಪ್ಪನ ಫೋಟೋದ ಹಿಂದಿನಿಂದ ಕ್ಯಾಲೆಂಡರ್ ಹಾಳೆ ತೆಗೆದು, ಎತ್ತರದ ಮೇಜಿನ ಮೇಲೆ ಬೇಡವೆಂದು, ನೆಲದ ಮೇಲೆ ಹಾಸಿದಳು. ಫೈಲಿನಲ್ಲಿ ಅಳಿಸಿದ್ದ ಆ ಎರಡು ಗೀಟುಗಳು ಹಾಳೆಯ ಕೆಳಗಂಚಿನಲ್ಲಿ ಹಾಗೇ ಇದ್ದವು. ಎಡಗೈ ಅಗಲಿಸಿ ಇಟ್ಟಳು. ಹೆಬ್ಬೆರಳು ಒಂದು ಗೀಟಿಗೆ ಕೂತಿತು, ಕಿರುಬೆರಳು ಇನ್ನೊಂದಕ್ಕೆ.

ಹೊರಗೆ ಯಾರೋ ಬಾಗಿಲು ತಟ್ಟಿದರು. ಅವಳು ಕೈ ಎಳೆದುಕೊಳ್ಳಲಿಲ್ಲ.